ಎಣ್ಣೆ ಮೈಯ ಮೇಲೆ ಒಂದು ಹಿಡಿ ಮಣ್ಣು

ಹೊಟ್ಟೆಪಾಡಿಗಾಗಿ ಜೀವ ತೆಗೆಯುವವರಲ್ಲಿ ಸೈನಿಕನಿಗೆ ಪದಕ ಸಿಗುತ್ತದೆ, ಕಟುಕನಿಗೆ ಗಿರಾಕಿ ಸಿಗುತ್ತಾನೆ, ಬೆಳೆಗೆ ಹೊಡೆಯುವ ಔಷಧ ಮಾರುವ ನಮ್ಮಂಥವರಿಗೆ ಫಾರಿನ್ ಟೂರು ಸಿಗುತ್ತದೆ. ಮೂಡಲಗಿಯಲ್ಲಿ ನನ್ನದೊಂದು ಬೀಜ, ಗೊಬ್ಬರ, ಔಷಧದ ಅಂಗಡಿ. ಗೋವಿನಜೋಳಕ್ಕೆ ಸೈನಿಕ ಹುಳು ಬಿದ್ದ ವರ್ಷ ನಾವು ಅದರ ಮೇಲೆ ಸಾರಿದ ಯುದ್ಧ ಎಷ್ಟು ಘೋರವಾಗಿತ್ತೆಂದರೆ, ಆ ಸಂಹಾರಕ್ಕೆ ಮೆಚ್ಚಿದ ಕಂಪನಿಯವರು ತಾಲೂಕಿಗೊಬ್ಬ ವೀರನನ್ನು ಆರಿಸಿ ಬಾಲ್ಕನ್ ನಾಡಿಗೆ ಕಳಿಸಿಕೊಟ್ಟರು. ಮೂಡಲಗಿಯಿಂದ ನಾನು, ಗೋಕಾಕದಿಂದ ಒಬ್ಬ ಸಾವಕಾರರು, ಹುಕ್ಕೇರಿಯಿಂದ ನನ್ನ ಅಕ್ಕನ ಗಂಡ. ಹಿಂದಿನ ಸಲದ ವೀರರು ಬ್ಯಾಂಕಾಕಿಗೆ ಹೋಗಿ ಬಂದು, ಮನೆಯಲ್ಲಿ ಉತ್ತರ ಕೊಡಲಾಗದೆ ಬಡವಾಗಿದ್ದರು. ಬಾಲ್ಕನ್ನಿನಲ್ಲಿ ಚರ್ಚು, ಕೋಟೆ, ಕೆರೆ ಬಿಟ್ಟರೆ ನೋಡುವಂಥದ್ದು ಬೇರೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೂರೂ ಮನೆಯ ಹೆಂಗಸರು ಒಪ್ಪಿಗೆ ಕೊಟ್ಟರು.

ಅಕ್ಕನ ಗಂಡನಿಗೆ ನಮ್ಮ ಕಡೆ ಮಾವ, ಹೆಂಡತಿಯ ತಮ್ಮನಿಗೆ ಅಳಿಯ ಎನ್ನುವುದು ರೂಢಿ. ನಮ್ಮ ಮಾವ ಅಂಗಡಿಕಾರರಾಗುವ ಮೊದಲು ಪೈಲವಾನರು. ಇದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವರ ಕಿವಿಗಳೇ ಹೇಳುತ್ತವೆ. ವರ್ಷಗಟ್ಟಲೆ ಎದುರಾಳಿಯ ತಲೆಗೆ ತಿಕ್ಕಿ ತಿಕ್ಕಿ, ಒಡೆದು, ರಕ್ತ ಹೆಪ್ಪುಗಟ್ಟಿ, ಎರಡೂ ಕಿವಿಗಳು ಹುರಿದ ಹಪ್ಪಳದಂತೆ ಮುದುಡಿವೆ. ಸಿಟ್ಟು ಮೂಗಿನ ತುದಿಯಲ್ಲಿ, ಮಾತು ಕಡಿಮೆ. ಅವರು ಕುಸ್ತಿ ಬಿಟ್ಟದ್ದು ತಾವಾಗಿ ಅಲ್ಲ. ನಾಗನೂರಿನ ಒಂದು ಕುಸ್ತಿಯಲ್ಲಿ ಕೊಲ್ಹಾಪುರದ ಕಡೆಯ ಪೈಲವಾನನೊಬ್ಬ ಅವರನ್ನು ಎತ್ತಿ, ತಲೆಕೆಳಗು ಮಾಡಿ ಮಣ್ಣಿನಲ್ಲಿ ನೆಟ್ಟ. ನೆಟ್ಟ ಎಂಬ ಮಾತನ್ನು ತೂಗಿಯೇ ಬರೆದಿದ್ದೇನೆ. ನಾನು ಮುಂದಿನ ಸಾಲಿನಲ್ಲಿ ಕುಂತಿದ್ದೆ. ಹಸಿ ದಂಟು ಮುರಿದಂಥ ಸದ್ದು ನನಗೂ ಕೇಳಿಸಿತು. ಮಾವ ಎದ್ದು ನಿಂತರು, ನಡೆದೂ ಬಂದರು. ಆದರೆ ಅವರ ಎರಡು ಕೈಗಳು ಅವರ ಜೊತೆ ಬರಲಿಲ್ಲ. ಹೆಗಲಿಗೆ ಸಿಕ್ಕಿಸಿದ ಟವೆಲಿನ ಹಾಗೆ ಜೋತಾಡುತ್ತಿದ್ದವು. ಅವು ಮರಳಿ ಜೀವ ಹಿಡಿಯಲು ಆರೇಳು ತಿಂಗಳು ಬೇಕಾದವು. "ಕುತ್ತಿಗಿಗೆ ಇನ್ನೊಂದು ಝಟಕಾ ಬಿತ್ತಂದ್ರ ಈ ಕೈ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ" ಎಂದು ಬೆಳಗಾವಿಯ ಡಾಕ್ಟರು ಹೇಳಿದ ಮಾತು ನಮ್ಮ ಮನೆತನದಲ್ಲಿ ಶಾಸನವಾಯಿತು. ಅಂದಿನಿಂದ ಮಾವ ತಾಲೀಮು ಮನೆಯ ಹೊಸ್ತಿಲು ತುಳಿದಿಲ್ಲ. ಬಸ್ಸಿನಲ್ಲಿ ಕೂತರೂ ಬ್ರೇಕು ಬೀಳುವ ಮೊದಲೇ ಸೀಟು ಹಿಡಿಯುತ್ತಾರೆ.

ಮುಂಬಯಿಯ ವಿಮಾನಕ್ಕೆ ಹೋಗುವ ಕಾರು ನಮ್ಮನ್ನು ಕಣಗಲಾದಲ್ಲಿ ಹೈವೇ ದಂಡೆಗೆ ಕೂಡಿಸಿಕೊಂಡಿತು. ರೊಟ್ಟಿಯ ಗಂಟು ಕೊಡುವ ನೆಪದಲ್ಲಿ ಬಂದ ಅಕ್ಕ ನನ್ನನ್ನು ಬಾಜೂಕ್ಕೆ ಕರೆದಳು.

"ತಮ್ಮಾ, ಅವರ ಕುತ್ತಿಗಿ ನಿನ್ನ ಹವಾಲಿ. ಎರಡೂ ಕೈ ಹೆಂಗ ಕಳಸಾಕತ್ತೇನಿ, ಹಂಗ ತಂದು ಒಪ್ಪಸಬೇಕು."

"ಕಾಲು?"

"ನಗಬ್ಯಾಡ. ಕೈ ಹ್ವಾದ್ರ ಆ ಮನಶಾ ಉಳ್ಯಾಂಗಿಲ್ಲ. ಉಳದ್ರೂ, ನಮ್ಮನ್ನ ಉಳಿಸಂಗಿಲ್ಲ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಒಂದು ಕುತ್ತಿಗೆಯ ರಾಯಭಾರಿಯಾಗಿ ಸಮುದ್ರ ದಾಟಿದವನು ನಮ್ಮ ಮನೆತನದಲ್ಲಿ ನಾನೇ ಮೊದಲಿಗ.

ಓಹ್ರಿದ್ ಎಂಬುದು ಮೆಸಿಡೋನಿಯಾದ ಬೆಟ್ಟಗಳ ನಡುವೆ ಒಂದು ಮಹಾ ಸರೋವರದ ದಂಡೆಗೆ ಕಚ್ಚಿಕೊಂಡಿರುವ ಹಳೆಯ ಊರು. ಕೆಂಪು ಹಂಚಿನ ಬಿಳಿ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕೋಟೆಯ ತನಕ ಹೋಗಿವೆ. ನೀರು ಎಷ್ಟು ತಿಳಿಯಾಗಿದೆಯೆಂದರೆ, ದಂಡೆಯ ಮೇಲೆ ನಿಂತವನಿಗೆ ತಾನು ಮುಳುಗಿ ಸತ್ತರೆ ಎಲ್ಲಿ ಬಿದ್ದಿರುತ್ತೇನೆ ಎಂಬುದು ಮೊದಲೇ ಕಾಣುತ್ತದೆ. ಹಂಸಗಳು ತೇಲುತ್ತಿದ್ದವು. ಗೋಕಾಕದ ಸಾವಕಾರರು ಒಂದು ಹಂಸಕ್ಕೆ ರೊಟ್ಟಿ ತೋರಿಸಿದರು; ಅದು ರೊಟ್ಟಿ ಬಿಟ್ಟು ಅವರ ಬೆರಳು ಕಚ್ಚಿತು. ಕಾವ್ಯಗಳಲ್ಲಿ ಹಾಲು-ನೀರು ಬೇರ್ಪಡಿಸುವ ಪಕ್ಷಿಗೆ ರೊಟ್ಟಿ-ಬೆರಳು ಬೇರ್ಪಡಿಸಲಾಗಲಿಲ್ಲ. "ಇದರೌನ್! ಚಿತ್ರದಾಗ ಎಷ್ಟ ಸಂಭಾವಿತ ಕಾಣ್ತೈತಿ" ಎಂದು ಸಾವಕಾರರು ಬೆರಳಿಗೆ ಕರವಸ್ತ್ರ ಸುತ್ತಿಕೊಂಡರು. ಆ ಊರಲ್ಲಿ ನಮ್ಮ ಕಡೆಯವರ ರಕ್ತ ಮೊದಲು ಬಿದ್ದದ್ದು ಹಾಗೆ.

ನಮಗೆ ಊರು ತೋರಿಸಲು ಬಂದ ಗೈಡು ನಡುವಯಸ್ಸಿನ ಒಬ್ಬ ಹೆಣ್ಣುಮಗಳು. ಅವಳ ಇಂಗ್ಲಿಷನ್ನು ನಾನು ಕನ್ನಡಕ್ಕೆ ಇಳಿಸಬೇಕು. ಅದು ನನ್ನ ಹೊಣೆ. ಅವಳು ಮೊದಲು ಕರೆದೊಯ್ದದ್ದು ಒಂದು ಪುರಾತನ ಬಯಲು ರಂಗಮಂದಿರಕ್ಕೆ. ಮೊದಲು ಇಲ್ಲಿ ನಾಟಕ ಆಡುತ್ತಿದ್ದರಂತೆ. ಆಮೇಲೆ ಬಂದ ರೋಮನ್ನರಿಗೆ ನಾಟಕ ಸಪ್ಪೆ ಅನ್ನಿಸಿ, ಗುಲಾಮರನ್ನು ಒಬ್ಬರ ಮೇಲೊಬ್ಬರನ್ನು ಬಿಟ್ಟು, ಸಾಯುವ ತನಕ ಕಾದಾಡಿಸುತ್ತಿದ್ದರಂತೆ. ಮಾವ ಕಣದ ನೆಲವನ್ನು ಬಗ್ಗಿ ನೋಡಿದರು.

"ಅಳ್ಯಾ, ಕಣದಾಗ ಯಾವ ಮಣ್ಣ ಹಾಕ್ತಿದ್ರಂತ ಕೇಳು."

ಕೇಳಿದೆ. ರಕ್ತ ಹೀರಿಕೊಳ್ಳಲೆಂದು ಉಸುಕು ಹಾಕುತ್ತಿದ್ದರು ಎಂದಳು.

"ಉಸುಕು ಚಲೋ ಅಲ್ಲ" ಎಂದರು ಮಾವ. "ಮಂಡಿಚರ್ಮ ಕಿತ್ತ ಬರ್ತೈತಿ. ಮಜ್ಜಿಗಿ, ಅರಿಷಿಣ ಕಲಿಸಿದ ಕೆಮ್ಮಣ್ಣ ಹಾಕಬೇಕಿತ್ತು." ಸಾಯಲು ಬಂದ ಗುಲಾಮರ ಮಂಡಿಯ ಬಗ್ಗೆ ಎರಡು ಸಾವಿರ ವರ್ಷಗಳಲ್ಲಿ ಕಾಳಜಿ ತೋರಿದವರು ಬಹುಶಃ ಅವರೊಬ್ಬರೇ.

ಕೋಟೆಯ ಮೇಲೆ ಇನ್ನೊಂದು ಕಥೆ ಕೇಳಿದೆವು. ಈ ಕೋಟೆಯ ರಾಜ ಒಂದು ಯುದ್ಧ ಸೋತ. ಗೆದ್ದ ಚಕ್ರವರ್ತಿ ಸೆರೆಸಿಕ್ಕ ಸೈನಿಕರ ಕಣ್ಣು ಕೀಳಿಸಿದ. ಪ್ರತಿ ನೂರು ಕುರುಡರಿಗೆ ಒಬ್ಬನಂತೆ, ಅವನ ಒಂದು ಕಣ್ಣನ್ನು ಮಾತ್ರ ದಾರಿ ತೋರಲೆಂದು ಉಳಿಸಿದ. ಆ ಸೈನ್ಯ ಒಬ್ಬರ ಹೆಗಲನ್ನೊಬ್ಬರು ಹಿಡಿದು ನಡೆದು ಬಂದದ್ದನ್ನು ಕಂಡು ರಾಜ ಅಲ್ಲೇ ಕುಸಿದು, ಎರಡು ದಿನದಲ್ಲಿ ಸತ್ತನಂತೆ.

"ಒಂದೊಂದ ಕಣ್ಣ ಯಾಕ ಬಿಟ್ಟ? ಕರುಣೆ ಬಂತೇನು?" ಎಂದರು ಸಾವಕಾರರು.

"ಕರುಣೆ ಅಲ್ಲರಿ. ಆ ಸೈನ್ಯ ಊರು ಮುಟ್ಟಬೇಕಲ್ಲ, ಮುಟ್ಟಿದ್ರನ ರಾಜಾ ನೋಡತಾನ" ಎಂದೆ.

"ಹಂಗಾರ ಆ ಚಕ್ರವರ್ತಿ ನಮ್ಮ ಕಂಪನಿ ಮ್ಯಾನೇಜರ್ ಇದ್ದಂಗ. ಎಲ್ಲಾ ಹುಳಾ ಕೊಲ್ಲು, ಆದ್ರ ಮುಂದಿನ ಹಂಗಾಮಿಗಂತ ನಾಕ ಉಳಸು."

ಮಾವ ನಗಲಿಲ್ಲ. ಅವರು ತಮ್ಮ ಎರಡು ಕೈಗಳನ್ನು ಕೋಟೆಯ ಗೋಡೆಯ ಮೇಲಿಟ್ಟು, ಕೆಳಗಿನ ನೀರನ್ನು ನೋಡುತ್ತ ನಿಂತಿದ್ದರು.

ಮರುದಿನ ನಮ್ಮ ಬಸ್ಸು ಸರೋವರದ ದಂಡೆ ಹಿಡಿದು ಮುಂದಿನ ಊರಿಗೆ ಹೊರಟಿತು. ದಾರಿಯಲ್ಲಿ ಎಲ್ಲಿಂದಲೋ ಡೋಲಿನ ಸದ್ದು, ಅದರ ಮೇಲೆ ಸನಾದಿಯಂಥ ವಾದ್ಯದ ಚೀರು ಕೇಳಿಬಂತು. ಮಾವ ತಟ್ಟನೆ ನೆಟ್ಟಗೆ ಕೂತರು. ಹಲಗಿ, ಸನಾದಿ ಕೂಡಿ ಆ ಗತ್ತಿನಲ್ಲಿ ಬಡಿದರೆ ಬೆಳಗಾವಿ ಜಿಲ್ಲೆಯಲ್ಲಿ ಅದಕ್ಕೆ ಒಂದೇ ಅರ್ಥ.

"ಅಳ್ಯಾ, ಗಾಡಿ ನಿಂದ್ರಸು. ಕುಸ್ತಿ ನಡದೈತಿ."

"ಮಾವಾ, ಇದು ಹುಕ್ಕೇರಿ ಅಲ್ಲ. ಯಾರದರ ಲಗ್ನ ಇರಬೇಕು."

"ಲಗ್ನದಾಗ ಹಿಂಗ ಬಡದ್ರ ಹೆಣ್ಣು ಓಡಿ ಹೋಗ್ತಾಳ. ನಿಂದ್ರಸಂದ್ರ ನಿಂದ್ರಸು!"

ಗೈಡು ಮುಖ ಹುಳ್ಳಗೆ ಮಾಡಿದಳು. ಅದು ಸುತ್ತಲಿನ ತುರ್ಕಿ ಮಾತಾಡುವ ಹಳ್ಳಿಗಳವರ ಕುಸ್ತಿ, ನಮ್ಮ ಕಾರ್ಯಕ್ರಮದಲ್ಲಿ ಇಲ್ಲ ಎಂದಳು. ಆದರೆ ಡ್ರೈವರು ಆಗಲೇ ಬಸ್ಸು ನಿಲ್ಲಿಸಿ ಕೆಳಗಿಳಿದಿದ್ದ. ಕುಸ್ತಿ ಎಂದರೆ ಡ್ರೈವರುಗಳ ಜಾತಿ ಎಲ್ಲ ದೇಶದಲ್ಲೂ ಒಂದೇ.

ಹುಲ್ಲುಗಾವಲಿನಲ್ಲಿ ಜನ ದುಂಡಗೆ ಕೂತಿದ್ದರು. ನಡುವೆ ಜೋಡಿಗಳು. ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದ ಕರಿಯ ತೊಗಲಿನ ಚಲ್ಲಣ, ಮೇಲೆ ಬರಿಮೈ, ಆ ಮೈಯ ಮೇಲೆ ಕೊಡದಿಂದ ಸುರಿದ ಎಣ್ಣೆ. ಕತ್ತಿನಿಂದ ಹಿಮ್ಮಡಿಯ ತನಕ ತೊಟ್ಟಿಕ್ಕುತ್ತಿತ್ತು. ಹಿಡಿಯಲು ಹೋದ ಕೈ ಜಾರುತ್ತದೆ. ಜಾರಿದ ಕೈ ಎದುರಾಳಿಯ ಮುಖಕ್ಕೆ ಬಡಿಯುತ್ತದೆ. ಒಬ್ಬ ಇನ್ನೊಬ್ಬನ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿ ನೆಲಕ್ಕೆ ಹೊಸೆಯುತ್ತಿದ್ದ. ಮತ್ತೊಬ್ಬನ ಹುಬ್ಬು ಸೀಳಿ, ಎಣ್ಣೆಯಲ್ಲಿ ರಕ್ತ ಬೆರೆತು, ಕೆಂಪು ಗೆರೆಗಳು ಎದೆಯ ಮೇಲೆ ಹಬ್ಬಿದ್ದವು. ತಲೆಗೆ ತಲೆ ಡಿಕ್ಕಿ ಹೊಡೆದ ಸದ್ದು ನಮ್ಮ ತನಕ ಬಂತು. ಹಲ್ಲೊಂದು ಹುಲ್ಲಿನಲ್ಲಿ ಬಿತ್ತು. ಕಳಕೊಂಡವನು ಬಗ್ಗಿ ನೋಡಿದ, ಅಷ್ಟರಲ್ಲಿ ಎದುರಾಳಿ ಅವನ ಕಾಲು ಕಿತ್ತು ಚಿತ್ ಮಾಡಿದ. ಜನ ಹೋ ಎಂದರು. ಸಾವಕಾರರು ಕಚ್ಚಿಸಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದರು.

ಮಾವನ ಮುಖ ಮಾತ್ರ ಕಪ್ಪಿಟ್ಟಿತ್ತು. "ಎಣ್ಣಿ ಹಚ್ಕೊಂಡ ಬಂದಾರ! ಇಷ್ಟ ಮಂದಿ ನೋಡಾಕತ್ತಾರ, ಒಬ್ಬರೂ ಕೇಳವಲ್ಲರಲ್ಲ!"

"ಇಲ್ಲೆ ಅದ ಪದ್ಧತಿ ಇರಬೇಕರಿ" ಎಂದೆ.

"ಮೋಸಾ ಪದ್ಧತಿ ಹೆಂಗ ಆಕ್ಕೈತಿ?"

ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ನಮ್ಮ ಕಡೆಯ ಕುಸ್ತಿಯಲ್ಲಿ ಮೈಗೆ ಎಣ್ಣೆ ಸವರಿ ಕಣಕ್ಕಿಳಿದವನು ಕಳ್ಳ. ಎದುರಾಳಿಯ ಹಿಡಿತ ಜಾರಲೆಂದು ಮಾಡುವ ಕುತಂತ್ರ ಅದು. ಇಂಥವರನ್ನು ಮಾವನಿಗೆ ಕುಸ್ತಿ ಕಲಿಸಿದ ವಸ್ತಾದರು ಬೆತ್ತದಿಂದ ಬಡಿದು ಊರು ದಾಟಿಸುತ್ತಿದ್ದರಂತೆ. ಆದ್ದರಿಂದಲೇ ನಮ್ಮಲ್ಲಿ ಕೈ ಮಿಲಾಯಿಸುವ ಮೊದಲು ಒಬ್ಬರು ಇನ್ನೊಬ್ಬರ ಎದೆಗೆ, ಹೆಗಲಿಗೆ ಕಣದ ಮಣ್ಣು ಹಾಕುತ್ತಾರೆ. ಮೈ ಜಾರಬಾರದು, ಇಬ್ಬರೂ ಸರಿಸಮ ಆಗಬೇಕು. ಊರ ಹಿರಿಯ ಪೈಲವಾನನಿದ್ದರೆ ಮಣ್ಣು ಹಾಕುವ ಮಾನ ಅವನದು. ಅದು ಆಶೀರ್ವಾದ.

ಅಷ್ಟರಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ನಮ್ಮತ್ತ ಬಂದ. ಕುಸ್ತಿಗಳ ಉಸ್ತುವಾರಿ ಅವನದೇ. ಅವನ ಕಿವಿಗಳೂ ಮುದುಡಿದ್ದವು. ಅವನು ಮಾವನ ಕಿವಿ ನೋಡಿದ, ಮಾವ ಅವನ ಕಿವಿ ನೋಡಿದರು. ಪಾಸ್ಪೋರ್ಟು, ವೀಸಾ ಎಲ್ಲ ತಪಾಸಣೆ ಆ ಒಂದು ನೋಟದಲ್ಲೇ ಮುಗಿಯಿತು. "ಪೆಹ್ಲಿವಾನ್?" ಎಂದ ಮುದುಕ. "ಹೂಂ, ಪೈಲವಾನ" ಎಂದರು ಮಾವ. ಆ ಮಾತು ಅಲ್ಲೂ ಅದೇ ಇತ್ತು. ಮುದುಕ ಅವರ ರಟ್ಟೆ ಹಿಡಿದು ಕಣದ ನಡುವೆ ಕರೆದೊಯ್ದು, ನಮ್ಮ ಡ್ರೈವರನನ್ನು ಕೇಳಿ ತಿಳಿದು, ಇಂಡಿಯಾದಿಂದ ಬಂದ ಪೈಲವಾನ ಎಂದು ಕೂಗಿದ. ಡೋಲು ಬಡಿಯಿತು, ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನಿಂದ ಅವರ ಅಂಗಿಯ ತುದಿ ಹಿಡಿದುಕೊಂಡೇ ಹೋದೆ. ಬರೇ ಕೈ ಕುಲುಕಿ ಬರುವುದಲ್ಲವೇ ಎಂಬ ಧೈರ್ಯ ನನ್ನದು.

ಕಡೆಯ ಕುಸ್ತಿಯ ಜೋಡಿ ಎದುರು ನಿಂತಿತ್ತು. ಅದರಲ್ಲೊಬ್ಬ ಆ ಭಾಗದ ಜನರೆಲ್ಲ ಕೂಗಿ ಕರೆಯುತ್ತಿದ್ದ ಎತ್ತರದ ಹುಡುಗ, ಕಲ್ಲುಗಂಬದಂಥ ಮೈ, ಅದರ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಗ್ಗಿದರು. ಕಾಲ್ತುಳಿತಕ್ಕೆ ಹುಲ್ಲು ಕಿತ್ತು ಬಂದಲ್ಲಿಂದ ಹಸಿ ಕರಿಮಣ್ಣನ್ನು ಎರಡೂ ಕೈಯಿಂದ ಬಾಚಿ ಆ ಹುಡುಗನ ಎದೆಯ ಮೇಲೆ ಎರಚಿದರು. ಇನ್ನೊಂದು ಹಿಡಿ ತಗೊಂಡು ಹೆಗಲಿಗೂ ಸವರಿದರು. ಕೆಲಸ ಮುಗಿಸಿದ ಹಿರಿಯರ ತೃಪ್ತಿಯಿಂದ ಕೈ ಝಾಡಿಸಿಕೊಂಡರು.

ಡೋಲು ನಿಂತಿತು.

"ಅವರು ಏನು ಮಾಡಿದರು?" ಗೈಡು ಜನರ ನಡುವಿನಿಂದ ಓಡಿ ಬಂದು ನನ್ನ ತೋಳು ಹಿಡಿದಳು. "ಇಲ್ಲಿ ಮನುಷ್ಯನ ಮೇಲೆ ಮಣ್ಣು ಹಾಕುವುದು ಗೋರಿಯಲ್ಲಿ ಇಳಿಸಿದ ಮೇಲೆ. ಬದುಕಿದವನ ಮೇಲೆ ಹಾಕಿದರೆ, ನಿನ್ನನ್ನು ಹೂಳುತ್ತೇನೆ ಎಂದ ಹಾಗೆ!"

ಹೆಣ ಹೂಳಿ ಹಿಡಿ ಮಣ್ಣು ಕೊಡುವ ಕುಲದವರೇ ನಾವು. ನಮಗೂ ಇದು ಹೊಳೆಯಬೇಕಿತ್ತು. ಹೊಳೆದದ್ದು ತಡವಾಗಿ. ಆ ಹುಡುಗ ಎರಡೂ ಅಂಗೈಗಳಿಂದ ಮಾವನ ಎದೆಗೆ ಗುದ್ದಿ ತಳ್ಳಿದ್ದ.

ಮಾವ ನಾಲ್ಕು ಹೆಜ್ಜೆ ಹಿಂದೆ ತೂರಾಡಿ ನಿಂತರು. "ಮಾವಾ, ಬ್ಯಾಡ್ರಿ! ಕುತ್ತಿಗಿ!" ಎಂದು ಕೂಗಿದೆ. ಆ ಮಾತು ಕೇಳುವವರು ಅಲ್ಲಿರಲಿಲ್ಲ. ಅರವತ್ತರ ಹತ್ತಿರದ ಅಂಗಡಿಕಾರ ಎಲ್ಲೋ ಹೋಗಿಬಿಟ್ಟಿದ್ದ. ಹುಡುಗ ಎರಡನೆಯ ಸಲ ನುಗ್ಗಿ ಬಂದಾಗ ಮಾವ ಪಕ್ಕಕ್ಕೆ ಸರಿದು, ಅವನ ಹೆಗಲಿಗೆ ಕೈ ಹಾಕಿದರು. ಬೇರೆಲ್ಲಿ ಹಿಡಿದಿದ್ದರೂ ಎಣ್ಣೆಗೆ ಜಾರುತ್ತಿತ್ತು. ಆದರೆ ಅವರು ಹಿಡಿದದ್ದು ತಾವೇ ಮಣ್ಣು ಸವರಿದ ಜಾಗವನ್ನು. ಬೆರಳು ಕಚ್ಚಿಕೊಂಡವು. ಸೊಂಟ ತಿರುಗಿತು. ಹುಕ್ಕೇರಿಯ ಢಾಕ್ ಎಂದು ಒಂದು ಕಾಲಕ್ಕೆ ಹೆಸರಾದ ಆ ಎಸೆತದಲ್ಲಿ ಆ ಕಲ್ಲುಗಂಬ ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಬೆನ್ನು ಅಡಿಯಾಗಿ ದಬ್ಬನೆ ಬಿತ್ತು.

ಕೂತ ಜನ ಎಲ್ಲರೂ ಒಟ್ಟಿಗೇ ಎದ್ದರು.

ಮುಂದಿನದನ್ನು ಕ್ರಮವಾಗಿ ವರ್ಣಿಸಬಲ್ಲ ಕವಿ ನಾನಲ್ಲ. ನಾನು ಅದರ ಕೆಳಗಿದ್ದೆ. ಸಾವಕಾರರು "ಹೇ, ಹಿರೇ ಮನಶಾರಿಗೆ ಕೈ ಮಾಡ್ತೀರೇನಲೇ!" ಎಂದು ಅಚ್ಚ ಗೋಕಾಕದ ಭಾಷೆಯಲ್ಲಿ ಗದರಿಸಿದರು. ಉತ್ತರವಾಗಿ ಒಂದು ಮುಷ್ಟಿ ಅವರ ಮೂಗಿಗೆ ಬಂತು. ಅವರು ಕೆಂಪು ಕೆಂಪಾಗಿ ಕೂತುಬಿಟ್ಟರು. ಬಿಳಿ ನೊಣಕ್ಕಿಂತ ದೊಡ್ಡ ಪ್ರಾಣಿಯ ಮೇಲೆ ಎಂದೂ ಕೈ ಎತ್ತದ ನಾನು, ಹೆಗಲಿಗೆ ಹಾಕಿಕೊಂಡಿದ್ದ ರೊಟ್ಟಿಯ ಗಂಟನ್ನು ಬೀಸಿ ಒಬ್ಬನ ಕಿವಿಯ ಮೇಲೆ ಬಾರಿಸಿದೆ. ಅಕ್ಕನ ಕಡಕ್ ರೊಟ್ಟಿ ಚೂರುಚೂರಾದದ್ದು ಕೇಳಿಸಿತು. ಅವನು ನನ್ನ ಹೊಟ್ಟೆಗೆ ಒದ್ದ. ಬಿದ್ದೆ. ಕಾಲುಗಳ ಕಾಡಿನ ನಡುವಿನಿಂದ ನೋಡಿದಾಗ ಆ ಹುಡುಗ ಮತ್ತೆ ಎದ್ದಿದ್ದ. ಹಿಂದಿನಿಂದ ಬಂದು, ಎಣ್ಣೆಯ ಮುಂಗೈಯನ್ನು ಮಾವನ ಕತ್ತಿಗೆ ಹಾಕಿ, ತಲೆಯನ್ನು ಕೆಳಕ್ಕೆ ಜಗ್ಗಿ, ತನ್ನ ಪೂರ್ತಿ ಭಾರದಿಂದ ನೆಲಕ್ಕೆ ಕೆಡವಿದ.

ನಾಗನೂರಿನ ಸದ್ದು ಇಲ್ಲಿ ಕೇಳಿಸಲಿಲ್ಲ. ಗದ್ದಲಕ್ಕೆ ಕೇಳಿಸಲಿಲ್ಲವೋ, ಆಗಲೇ ಇಲ್ಲವೋ. ಮಾವ ಬೋರಲು ಬಿದ್ದಿದ್ದರು. ಏಳಲಿಲ್ಲ.

ಬಿಳಿ ಮೀಸೆಯ ಮುದುಕ ಡೋಲು ಬಡಿಯುವ ಕೋಲನ್ನು ಕಸಿದುಕೊಂಡು ತನ್ನವರನ್ನೇ ಬಡಿಯತೊಡಗಿದ. ಬೆನ್ನು, ತಲೆ ಎಂದು ನೋಡದೆ ಬಡಿದು ಅವರನ್ನು ಹಿಂದೆ ಅಟ್ಟಿದ. ನಾನು ತೆವಳಿಕೊಂಡು ಮಾವನ ಹತ್ತಿರ ಹೋದೆ. ಅವರ ಒಂದು ಗಲ್ಲ ಮಣ್ಣಿನಲ್ಲಿ ಹುಗಿದಿತ್ತು, ಕಣ್ಣು ತೆರೆದಿದ್ದವು.

"ಅಳ್ಯಾ."

"ಏನರಿ ಮಾವಾ?"

"ನನ್ನ ಕೈ ಎಲ್ಲಿ ಅದಾವ ನೋಡು. ನನಗ ಗೊತ್ತಾಗವಲ್ದು."

ಒಂದು ಅವರ ಹೊಟ್ಟೆಯ ಅಡಿಯಲ್ಲಿತ್ತು. ಇನ್ನೊಂದು ಪಕ್ಕಕ್ಕೆ ಚಾಚಿತ್ತು, ಅಂಗೈ ಮೇಲಾಗಿ. ಅದನ್ನು ಹಿಡಿದುಕೊಂಡೆ. ಬಿಸಿಯಾಗಿತ್ತು, ಆದರೆ ಮರಳಿ ಹಿಡಿಯಲಿಲ್ಲ. "ಅದಾವರಿ, ಎರಡೂ ಅದಾವ" ಎಂದೆ. ಅವರನ್ನು ಎತ್ತಲು ಹೋದ ಸಾವಕಾರರಿಗೂ ಮುದುಕನ ಕೋಲಿನ ಏಟು ಬಿತ್ತು. ಮುಟ್ಟಬೇಡಿ ಎಂದು ಅವನು ಅಂದದ್ದು ಭಾಷೆ ಬಾರದಿದ್ದರೂ ತಿಳಿಯಿತು. ಅವನೂ ಇನ್ನಿಬ್ಬರೂ ಕೂಡಿ, ತಲೆ ಅಲುಗದಂತೆ ಹಿಡಿದು, ಮಾವನನ್ನು ಅಂಗಾತ ಹೊರಳಿಸಿದರು. ಕತ್ತಿನ ಎರಡೂ ಬದಿಗೆ ಅಂಗಿಗಳನ್ನು ಸುತ್ತಿ ಒತ್ತಿಟ್ಟರು. ಗೈಡು ಅಂಬುಲೆನ್ಸಿಗೆ ಫೋನು ಮಾಡುತ್ತಿದ್ದಳು.

ಸುತ್ತಲಿನ ಹುಡುಗರು ಇನ್ನೂ ಕುದಿಯುತ್ತಿದ್ದರು. ಬೆರಳು ತೋರಿಸಿ ಏನೇನೋ ಕಿರುಚುತ್ತಿದ್ದರು, ಒಬ್ಬ ಕಲ್ಲನ್ನೇ ಎತ್ತಿಕೊಂಡಿದ್ದ. ಅಂಬುಲೆನ್ಸು ಬರುವ ತನಕ ಇವರು ಬಿಡುವುದಿಲ್ಲ ಎಂದು ನನಗೆ ಖಚಿತವಾಯಿತು. ಮಾವನ ಪಕ್ಕದಲ್ಲಿ ಮೊಣಕಾಲೂರಿ, ಗೈಡಿಗೆ ಹೇಳಿದೆ: "ಅವರಿಗೆ ಹೇಳು ತಾಯಿ, ಈತ ಪೈಲವಾನನೇ ಅಲ್ಲ. ಔಷಧ ಮಾರುವ ಅಂಗಡಿಯವ. ಕುಸ್ತಿಯ ಗಂಧಗಾಳಿ ಇಲ್ಲ. ತಿಳಿಯದೆ ಮಾಡಿದ್ದಾನೆ."

ಅವಳು ಕೂಗಿ ಹೇಳಿದಳು. ಅವಳ ಮಾತಿನಲ್ಲಿ ಪೆಹ್ಲಿವಾನ್ ಎಂಬುದೂ ಇತ್ತು. ನಾನು ಅದಕ್ಕೆ ಸರಿಯಾಗಿ, ಅಲ್ಲ ಅಲ್ಲ ಎಂದು ತಲೆ, ಕೈ ಎರಡೂ ಆಡಿಸಿದೆ. ಜನರ ಗದ್ದಲ ಇಳಿಯಿತು. ಕಲ್ಲು ಎತ್ತಿದವನು ಕೆಳಗಿಟ್ಟ. ನನ್ನ ರಾಯಭಾರ ಫಲಿಸಿತೆಂದು ಮಾವನ ಕಡೆಗೆ ಬಾಗಿದೆ.

ಆಗ ನನ್ನ ಎಡಗಲ್ಲದ ಮೇಲೆ ಸಿಡಿಲು ಬಡಿಯಿತು.

ಕಣ್ಣೆದುರು ಸರೋವರ, ಬೆಟ್ಟ, ಬಿಳಿ ಮೀಸೆ ಎಲ್ಲ ಒಮ್ಮೆ ಬಿಳಿಯಾಗಿ ಮತ್ತೆ ಮೂಡಿದವು. ಮಾವ ಮಲಗಿದ್ದಲ್ಲೇ ಇದ್ದರು. ಅವರ ಬಲಗೈ ಮಾತ್ರ ಮೇಲಿತ್ತು.

"ಯಾರಿಗಲೇ ಪೈಲವಾನ ಅಲ್ಲಂತಿ?"

ಜೀವಮಾನದಲ್ಲಿ ಏಟು ತಿಂದು ಅತ್ತವರುಂಟು, ಏಟು ತಿಂದು ತಿರುಗಿ ಹೊಡೆದವರುಂಟು. ಏಟು ತಿಂದು, "ಇನ್ನೊಂದ ಹೊಡೀರಿ ಮಾವಾ, ಎಡಗೈಲೆ ಹೊಡೀರಿ" ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಎಡಗೈ ಬೆರಳುಗಳೂ ಒಂದೊಂದಾಗಿ ಮಡಿಚಿದವು. ಮುದುಕ ಆಕಾಶ ನೋಡಿ ಏನೋ ಗೊಣಗಿದ. ಆ ಎತ್ತರದ ಹುಡುಗ, ಎದೆಯ ಮೇಲಿನ ಮಣ್ಣು ಹಾಗೇ ಇದ್ದಂತೆ, ಬಂದು ಮಾವನ ಕಾಲ ಬಳಿ ಕೂತು ಅವರ ಪಾದ ತಿಕ್ಕತೊಡಗಿದ.

ಓಹ್ರಿದ್ ಆಸ್ಪತ್ರೆಯಲ್ಲಿ ಕತ್ತಿನ ಎಕ್ಸರೇ ಫೋಟೋ ತೆಗೆದರು. ಮುರಿದಿಲ್ಲ, ನರಕ್ಕೆ ಪೆಟ್ಟು ಬಿದ್ದು ಸ್ವಲ್ಪ ಹೊತ್ತು ಜೋಮು ಹಿಡಿದಿತ್ತು, ಪುಣ್ಯ ಗಟ್ಟಿ ಎಂದರು. ಕತ್ತಿಗೆ ಗದ್ದದಿಂದ ಎದೆಯ ತನಕ ಗಟ್ಟಿ ಪಟ್ಟಾ ತೊಡಿಸಿ ಮಂಚದ ಮೇಲೆ ಒರಗಿ ಕೂಡಿಸಿದರು. ಮೂಗಿಗೆ ಹತ್ತಿ ತುರುಕಿಕೊಂಡ ಸಾವಕಾರರು ಪಕ್ಕದ ಕುರ್ಚಿಯಲ್ಲಿ ಕೂತು ಚಟ್ನಿಪುಡಿಯಲ್ಲಿ ರೊಟ್ಟಿಯ ಚೂರು ಅದ್ದಿ ತಿನ್ನುತ್ತಿದ್ದರು. "ಏನ ಢಾಕ್ ಹಾಕಿದ್ರಿ ಪೈಲವಾನರ! ನನ್ನ ಮೂಗ ಹ್ವಾದ್ರೂ ಚಿಂತಿಲ್ಲ" ಎಂದು ಬಣ್ಣಿಸುತ್ತಿದ್ದರು. ಮಾವನ ಮೀಸೆಯಡಿ ನಗು ಕಂಡಿತು.

ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಒಂದು ಕೈಯಲ್ಲಿ ಫೋನು ಮುಂದೆ ಚಾಚಿ ಹಿಡಿದು, ಮಾವನ ಪಕ್ಕದಲ್ಲಿ ತಲೆ ತೂರಿಸಿ ನಿಂತೆ. ಪಟ್ಟಾ ಕಂಡದ್ದೇ ಅವಳು ಕುಂತಲ್ಲಿಂದ ಎದ್ದಳು.

"ಮೊದಲ ಕೈ ತೋರಸ್ರಿ."

ಮಾವ ಎರಡೂ ಕೈ ಎತ್ತಿ, ಬೆರಳು ಮಡಿಚಿ, ಬಿಡಿಸಿ ತೋರಿಸಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ನನ್ನನ್ನು ನೋಡಿದಳು.

"ತಮ್ಮಾ, ನಿನ್ನ ಗಲ್ಲಕ್ಕ ಏನಾತು?"

"ಗದ್ದಲದಾಗ ಯಾರದೋ ಕೈ ಬಡೀತು."

"ಫೋನ ಹತ್ರ ತಗೊಂಬಾ." ಅವಳ ಮುಖ ಪರದೆಯ ತುಂಬ ಬಂತು. ಅಂಗಡಿಯಲ್ಲಿ ಬೀಜದ ಕಾಳು ನೋಡಿದ ಹಾಗೆ ನನ್ನ ಗಲ್ಲ ನೋಡಿದಳು. "ಕಿರಿಬೆರಳಿನ ಗುರುತು ಕಿವಿ ಬುಡಕ್ಕ ಮೂಡೈತಿ. ಇದು ಇವರ ಬಲಗೈ."

"ನಿನಗ ಹೆಂಗ ಗೊತ್ತಾತು?"

"ನನಗ ಗೊತ್ತಿರಲಾರದ ಮತ್ಯಾರಿಗೆ ಗೊತ್ತಿರ್ತೈತಿ?" ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ, ಸಾರಿಗೆ ಉಪ್ಪು ಎಷ್ಟೆಂದು ಹೇಳಿದ ಹಾಗೆ ಹೇಳಿದಳು. "ಎರಡು ದಿನ ಬಿಸಿ ಅರಿವಿಲೆ ಶಾಖಾ ಕೊಡು. ಇಳೀತೈತಿ. ನನಗ ಹಂಗ ಇಳೀತಿತ್ತು."

ಸಾವಕಾರರ ಬಾಯಿಯಲ್ಲಿ ರೊಟ್ಟಿಯ ಸದ್ದು ನಿಂತಿತು. ಮಾವನ ಕೈಗಳು ಮೆಲ್ಲಗೆ ಹೊದಿಕೆಯ ಒಳಗೆ ಹೋದವು. ಅವರು ಕಿಟಕಿಯ ಕಡೆ ಮುಖ ತಿರುಗಿಸಲು ನೋಡಿದರು. ಕತ್ತಿನ ಪಟ್ಟಾ ತಿರುಗಗೊಡಲಿಲ್ಲ.

"ಫೋನು ಇಡಲೇನ ತಮ್ಮಾ? ಅವರು ಮಕ್ಕೊಳ್ಳಲಿ" ಎಂದಳು ಅಕ್ಕ.

"ಈಗ ಬ್ಯಾಡಕ್ಕಾ. ಮಾವ ಎದ್ದಾರ" ಎಂದೆ. ಮಂಚದ ಪಕ್ಕದಿಂದ ಸರಿದು, ಅವಳ ಮುಖ ನೇರವಾಗಿ ಅವರ ಕಣ್ಣೆದುರು ಬರುವಂತೆ ಫೋನು ಹಿಡಿದುಕೊಂಡು ನಿಂತೆ.